ಒಂದೇ ಹೋಸ್ಟಿಂಗ್ ಖಾತೆಯಲ್ಲಿ ಹಲವು ಸಬ್‌ಡೊಮೇನ್: ನಾನು ಜೋಡಿಸಿಕೊಂಡ ಬಗೆ

ಸಿಪ್ಯಾನಲ್ (ಹೋಸ್ಟಿಂಗ್ ನಿರ್ವಹಿಸುವ ಸಾಫ್ಟ್‌ವೇರ್) ಇರುವ ಶೇರ್ಡ್ ಹೋಸ್ಟಿಂಗ್ (ಹಲವರು ಒಂದೇ ಸರ್ವರ್ ಹಂಚಿಕೊಳ್ಳುವ) ಖಾತೆಯೊಂದರಲ್ಲಿ ಮುಖ್ಯ ಸೈಟಿನ ಜೊತೆ ಬ್ಲಾಗ್, ಶಾಪ್, ಟೆಸ್ಟ್ ಎಂಬ ಸಬ್‌ಡೊಮೇನ್‌ಗಳನ್ನು (ಸೈಟಿನ ವಿಳಾಸದ ಮುಂದೆ ಚುಕ್ಕೆಯೊಂದಿಗೆ ಸೇರುವ ಹೆಸರುಗಳನ್ನು) ಇಟ್ಟಿದ್ದೇನೆ. ಕನ್ನಡ ಆವೃತ್ತಿಗೆ ಕೆಎನ್. ಕನ್ನಡ ವಿಕಿಪೀಡಿಯದ ವಿಳಾಸದಲ್ಲಿರುವುದೂ ಇದೇ ಎರಡಕ್ಷರ.

ಸಿಪ್ಯಾನಲ್‌ನ ಡೊಮೇನ್ಸ್ ಪುಟದಲ್ಲಿ ಪೂರ್ತಿ ಹೆಸರು ಟೈಪ್ ಮಾಡಿ, ‘ಶೇರ್ ಡಾಕ್ಯುಮೆಂಟ್ ರೂಟ್’ (ಮುಖ್ಯ ಸೈಟಿನ ಫೋಲ್ಡರನ್ನೇ ಬಳಸು) ಎದುರಿನ ಟಿಕ್ ತೆಗೆಯಬೇಕು. ತೆಗೆಯದಿದ್ದರೆ ಬ್ಲಾಗ್ ವಿಳಾಸಕ್ಕೆ ಹೋದವರಿಗೂ ಮುಖ್ಯ ಸೈಟೇ ಕಾಣುತ್ತದೆ. ಆಮೇಲೆ ಕಾಣುವ ಫೋಲ್ಡರ್ ಹೆಸರನ್ನು ನೋಡದೆ ಒಪ್ಪಿಕೊಳ್ಳಬೇಡಿ. ಕೆಲವು ಹೋಸ್ಟ್‌ಗಳಲ್ಲಿ ಅದು ಪಬ್ಲಿಕ್ ಎಚ್‌ಟಿಎಂಎಲ್ (ಮುಖ್ಯ ಸೈಟಿನ ಫೋಲ್ಡರ್) ಒಳಗೇ ಇರುತ್ತದೆ. ನಾನು ಪ್ರತಿ ಸಬ್‌ಡೊಮೇನಿನ ಫೋಲ್ಡರನ್ನೂ ಅದರ ಹೊರಗೆ, ಹೋಮ್ ಫೋಲ್ಡರಿನಲ್ಲಿ ಇಡುತ್ತೇನೆ.

ಕಾರಣ ಇಷ್ಟೇ: ಅಪಾಚೆ ಎಂಬ ವೆಬ್ ಸರ್ವರ್, ಒಳಗಿನ ಫೋಲ್ಡರಿಗೆ ಮೇಲಿರುವ ಫೋಲ್ಡರಿನ ಎಚ್‌ಟಿಆಕ್ಸೆಸ್ (ಸರ್ವರ್‌ಗೆ ನಿಯಮ ಹೇಳುವ) ಫೈಲನ್ನೂ ಓದುತ್ತದೆ. ಮುಖ್ಯ ಸೈಟಿನಲ್ಲಿ ‘ಎಲ್ಲವನ್ನೂ ಡಬ್ಲ್ಯುಡಬ್ಲ್ಯುಡಬ್ಲ್ಯುಗೆ ಕಳಿಸು’ ಎಂಬ ನಿಯಮವಿದ್ದರೆ ಒಳಗಿರುವ ಬ್ಲಾಗೂ ಅಲ್ಲಿಗೇ ಜಿಗಿಯುತ್ತದೆ. ಜೊತೆಗೆ ಅದೇ ಪುಟ ಮುಖ್ಯ ಡೊಮೇನಿನ ಕೆಳಗೂ ತೆರೆದು, ಗೂಗಲ್‌ಗೆ ಎರಡು ವಿಳಾಸ ಸಿಗುತ್ತವೆ. ಹೊರಗಿಡಲು ಹೋಸ್ಟ್ ಬಿಡದಿದ್ದರೆ, ಸಬ್‌ಡೊಮೇನಿನ ಫೋಲ್ಡರಿನಲ್ಲಿ ‘ರಿರೈಟ್‌ಎಂಜಿನ್ ಆನ್’ ಎಂಬ ಒಂದೇ ಸಾಲಿನ ಎಚ್‌ಟಿಆಕ್ಸೆಸ್ ಹಾಕಿ. ಮೇಲಿನ ಫೋಲ್ಡರಿನ ರಿರೈಟ್ (ವಿಳಾಸ ಬದಲಿಸುವ) ನಿಯಮಗಳು ಅಲ್ಲಿಗೇ ನಿಲ್ಲುತ್ತವೆ. ಆದರೆ ‘ರಿಡೈರೆಕ್ಟ್’ ಎಂದು ಶುರುವಾಗುವ ಸಾಲುಗಳೂ ಪಾಸ್‌ವರ್ಡ್ ಕಾವಲೂ ಹಾಗೇ ಕೆಳಗಿಳಿಯುತ್ತವೆ.

ನೇಮ್‌ಸರ್ವರ್ (ಡೊಮೇನಿನ ದಾಖಲೆಗಳನ್ನು ಇಡುವ ಸರ್ವರ್) ಹೋಸ್ಟ್‌ನದೇ ಆಗಿದ್ದರೆ ಎ ರೆಕಾರ್ಡ್ (ಹೆಸರನ್ನು ಸರ್ವರಿನ ಐಪಿ ವಿಳಾಸಕ್ಕೆ ಜೋಡಿಸುವ ದಾಖಲೆ) ತಾನಾಗಿ ಸೇರುತ್ತದೆ. ಕ್ಲೌಡ್‌ಫ್ಲೇರ್‌ನಂಥ ಬೇರೆ ಸೇವೆಯ ಕಡೆ ಇದ್ದರೆ ನಾವೇ ಅಲ್ಲಿ ಸೇರಿಸಬೇಕು. ಸೇರಿಸುವ ಮೊದಲು ಬ್ರೌಸರಿನಲ್ಲಿ ತೆರೆದು ನೋಡುವ ಆತುರ ಬೇಡ: ‘ಅಂಥ ಹೆಸರಿಲ್ಲ’ ಎಂಬ ಉತ್ತರವೂ ಕ್ಯಾಶ್ ಆಗಿ (ತಾತ್ಕಾಲಿಕವಾಗಿ ಉಳಿದು) ಕೂರುತ್ತದೆ, ರೆಕಾರ್ಡ್ ಸರಿಯಿದ್ದರೂ ಸ್ವಲ್ಪ ಹೊತ್ತು ಸೈಟ್ ಬರುವುದಿಲ್ಲ. ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ನೋಡಿದರೆ ತೊಂದರೆ ಕ್ಯಾಶ್‌ನದೇ ಎಂಬುದು ಹೆಚ್ಚಾಗಿ ಗೊತ್ತಾಗಿಬಿಡುತ್ತದೆ.

ರೆಕಾರ್ಡ್ ಹರಡಿದ ಮೇಲೆಯೇ ಆಟೋಎಸ್‌ಎಸ್‌ಎಲ್ (ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟನ್ನು ತಾನಾಗಿ ಹಾಕುವ ಸಿಪ್ಯಾನಲ್ ಸೌಲಭ್ಯ) ಓಡಿಸಿ. ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಸಾಮಾನ್ಯ ಸರ್ಟಿಫಿಕೇಟಿನ ಆಯುಸ್ಸು 90 ದಿನ. ವೈಲ್ಡ್‌ಕಾರ್ಡ್ (ಹಲವು ಸಬ್‌ಡೊಮೇನ್‌ಗೆ ಒಂದೇ) ಸರ್ಟಿಫಿಕೇಟ್ ಒಂದು ಮೆಟ್ಟಿಲಿಗೆ ಮಾತ್ರ ಒಪ್ಪುತ್ತದೆ, ಶಾಪ್ ಒಳಗಿನ ಟೆಸ್ಟ್‌ಗೆ ಅದು ನಡೆಯುವುದಿಲ್ಲ. ಅದಕ್ಕೇ ಚುಕ್ಕೆಯ ಬದಲು ಅಡ್ಡಗೆರೆ ಹಾಕಿ ‘ಶಾಪ್-ಟೆಸ್ಟ್’ ಎಂದು ಹೆಸರಿಡುವುದು ವಾಸಿ.

ಟೆಸ್ಟ್ ಸೈಟಿನ ಹೆಸರು ಯಾರಿಗೂ ಗೊತ್ತಿಲ್ಲ ಅಂದುಕೊಳ್ಳಬೇಡಿ. ಸರ್ಟಿಫಿಕೇಟ್ ಪಡೆದ ಹೆಸರುಗಳೆಲ್ಲ ಸಾರ್ವಜನಿಕ ದಾಖಲೆಗೆ ಹೋಗುತ್ತವೆ, ಯಾರು ಬೇಕಾದರೂ ಹುಡುಕಬಹುದು. ಸರ್ಚ್ ಎಂಜಿನ್‌ಗೆ ‘ಬರಬೇಡ’ ಎನ್ನುವ ರೋಬೋಟ್ಸ್ ಫೈಲ್ ಸಾಲದು, ಪಾಸ್‌ವರ್ಡ್ ಹಾಕಿ. ಹಾಕಿದ ಮೇಲೆ ಸರ್ಟಿಫಿಕೇಟ್ ನವೀಕರಣ ನಡೆಯುತ್ತಿದೆಯೇ ನೋಡಿಕೊಳ್ಳಿ. ಸರ್ಟಿಫಿಕೇಟ್ ಕೊಡುವವರ ಕಡೆಯಿಂದ ಪರಿಶೀಲನೆಗೆ ಬರುವ ಸರ್ವರನ್ನೂ ಆ ಪಾಸ್‌ವರ್ಡ್ ಬಾಗಿಲಲ್ಲೇ ತಡೆಯಬಹುದು.

ಫೋಲ್ಡರ್ ಬೇರೆಯಾದರೂ ಖಾತೆ ಒಂದೇ, ಯೂಸರ್ ಒಬ್ಬನೇ. ಟೆಸ್ಟ್‌ನಲ್ಲಿ ಮರೆತ ಹಳೇ ಪ್ಲಗಿನ್ ಮೂಲಕ ಒಳಬಂದವರು ಶಾಪ್ ಫೈಲುಗಳನ್ನೂ ತಿದ್ದಬಲ್ಲರು. ಹಣದ ವ್ಯವಹಾರ ಶುರುವಾದರೆ ಶಾಪನ್ನು ಬೇರೆ ಖಾತೆಗೆ ಒಯ್ಯಿರಿ. ಎ ರೆಕಾರ್ಡ್ ತಿರುಗಿಸಿದರೆ ಸಾಕು, ಗಿರಾಕಿಗಳಿಗೆ ವಿಳಾಸ ಬದಲಾಗುವುದಿಲ್ಲ. ಶಾಪ್ ಮುಖ್ಯ ವಿಳಾಸದ ಕೆಳಗಿನ ಸಬ್‌ಫೋಲ್ಡರ್ ಆಗಿದ್ದರೆ ಈ ಸೌಕರ್ಯ ಇಷ್ಟು ಸುಲಭವಲ್ಲ.

ಸಬ್‌ಡೊಮೇನ್ ಅಳಿಸಿದಾಗ ಫೋಲ್ಡರೂ ಡೇಟಾಬೇಸೂ ಉಳಿದೇ ಇರುತ್ತವೆ, ಕೈಯಿಂದ ಸೇರಿಸಿದ ಎ ರೆಕಾರ್ಡ್ ಕೂಡ. ಮೂರನ್ನೂ ಬೇರೆ ಬೇರೆಯಾಗಿಯೇ ತೆಗೆಯಬೇಕು.