ಬಿ.ಪಿ. ಮಾತ್ರೆಯ ಡೋಸ್ ಬದಲಾದಾಗ ಮನೆಯಲ್ಲಿ ಏನು ಮಾಡಬೇಕು?

ವೈದ್ಯರು ಬಿ.ಪಿ. ಮಾತ್ರೆಯ ಡೋಸ್ ಬದಲಿಸಿದ ದಿನ ಮನೆಗೆ ಬಂದೊಡನೆ ಮಾಡಬೇಕಾದ ಮೊದಲ ಕೆಲಸವೆಂದರೆ ಔಷಧದ ಡಬ್ಬಿಯನ್ನು ಪೂರ್ತಿ ಸುರಿದು ನೋಡುವುದು. ನಮ್ಮ ತಾಯಿಗೆ ಟೆಲ್ಮಿಸಾರ್ಟಾನ್ 40 ಮತ್ತು ಅಮ್ಲೋಡಿಪಿನ್ 5 ಎರಡೂ ಸೇರಿದ ಒಂದೇ ಮಾತ್ರೆಯನ್ನು ಬರೆದುಕೊಟ್ಟಿದ್ದರು. ಹಳೆಯ ಅಮ್ಲೋಡಿಪಿನ್ ಇನ್ನೂ ಒಂದು ಪಟ್ಟಿ (ಸ್ಟ್ರಿಪ್) ಉಳಿದಿತ್ತು. ದುಡ್ಡು ಕೊಟ್ಟು ತಂದದ್ದು ಹಾಳಾಗಬಾರದೆಂದು ಅವರು ಅದನ್ನೂ ನುಂಗುತ್ತಿದ್ದರು. ಅಮ್ಲೋಡಿಪಿನ್ ಎರಡು ಪಟ್ಟಾಗಿ ಪಾದ ಊದಿ ಕಾಲುಂಗುರ ಬಿಗಿಯಾದಾಗಲೇ ನಮಗೆ ವಿಷಯ ತಿಳಿದದ್ದು.

ಆದ್ದರಿಂದ ಹಳೆಯ ಪಟ್ಟಿಗಳನ್ನು ಡಬ್ಬಿಯಿಂದ ತೆಗೆದು ಬೇರೆಡೆ ಇಡಿ. ಕಂಪನಿ ಇಟ್ಟ ಹೆಸರು ಬೇರೆಯಾದರೂ ಒಳಗಿನ ಔಷಧ ಒಂದೇ ಆಗಿರಬಹುದಾದ್ದರಿಂದ, ಚೀಟಿಯಲ್ಲಿರುವ ಔಷಧದ ಮೂಲ ಹೆಸರನ್ನೂ ಮಿಲಿಗ್ರಾಂ ಅಂಕಿಯನ್ನೂ ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರಗಳೊಡನೆ ತಾಳೆ ನೋಡಿ. ಅನುಮಾನವಿದ್ದರೆ ಔಷಧದ ಅಂಗಡಿಯವರನ್ನು ಕೇಳಿ. ನಿಧಾನವಾಗಿ ಕರಗುವಂತೆ ತಯಾರಿಸಿದ ಮಾತ್ರೆಗಳನ್ನು ಕೇಳದೆ ಅರ್ಧ ಮಾಡಬಾರದು.

ಎರಡನೆಯದು ಅಳತೆ. ಅಮ್ಲೋಡಿಪಿನ್ ರಕ್ತದಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲಲು ಸುಮಾರು ಒಂದು ವಾರ ಬೇಕು. ಟೆಲ್ಮಿಸಾರ್ಟಾನಿನ ಪೂರ್ಣ ಪರಿಣಾಮ ಕಾಣಲು ನಾಲ್ಕು ವಾರಗಳೇ ಹಿಡಿಯಬಹುದು. ಎರಡನೆಯ ದಿನವೇ ಅಂಕಿ ಇಳಿಯಲಿಲ್ಲವೆಂದು ಕಂಗಾಲಾಗಬೇಕಿಲ್ಲ. ಮರುಭೇಟಿಗೆ ಮುಂಚಿನ ಏಳು ದಿನ, ಬೆಳಿಗ್ಗೆ ಮಾತ್ರೆ ನುಂಗುವ ಮೊದಲು ಮತ್ತು ಸಂಜೆ, ಅಳೆದು ಬರೆದಿಡಿ. ಅಳೆಯುವ ಮುಂಚಿನ ಅರ್ಧ ಗಂಟೆ ಕಾಫಿ ಬೇಡ. ಮೂತ್ರ ವಿಸರ್ಜಿಸಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು ಐದು ನಿಮಿಷ ಮಾತಾಡದೆ ಕೂರಬೇಕು. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆದು ಎರಡನ್ನೂ ಬರೆಯಿರಿ. ಮನೆಯ ಅಳತೆಯ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಅಧಿಕವೆಂದೇ ಲೆಕ್ಕ. ನಿಮ್ಮ ಗುರಿ ಎಷ್ಟೆಂಬುದನ್ನು ಮಾತ್ರ ವೈದ್ಯರೇ ಹೇಳಬೇಕು.

ಡೋಸ್ ಹೆಚ್ಚಿಸಿದ ಮೊದಲ ದಿನಗಳಲ್ಲಿ ವಯಸ್ಸಾದವರ ಮೇಲೆ ವಿಶೇಷ ನಿಗಾ ಬೇಕು. ರಾತ್ರಿ ಬಚ್ಚಲಿಗೆ ಹೋಗಲು ದಡಕ್ಕನೆ ಎದ್ದಾಗ ಕಣ್ಣು ಕತ್ತಲೆ ಬಂದು ಬೀಳುವುದುಂಟು. ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು ಆಮೇಲೆ ಏಳಲಿ. ತಲೆಸುತ್ತು ಮರುಕಳಿಸಿದರೆ, ಕೂತಾಗಿನ ಅಂಕಿಯನ್ನೂ ನಿಂತಾಗಿನ ಅಂಕಿಯನ್ನೂ ಬರೆದು ವೈದ್ಯರಿಗೆ ತಿಳಿಸಿ. ವಾಂತಿ ಭೇದಿಯಾಗಿ ದೇಹದ ನೀರು ಕಡಿಮೆಯಾದಾಗಲೂ ಆ ದಿನವೇ ಕೇಳಬೇಕು. ಟೆಲ್ಮಿಸಾರ್ಟಾನ್ ಹೆಚ್ಚಿಸಿದಾಗ ಒಂದೆರಡು ವಾರಗಳಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ಅಂಕಿ) ಮತ್ತು ಪೊಟ್ಯಾಸಿಯಂ ರಕ್ತಪರೀಕ್ಷೆಗೆ ಬರೆದುಕೊಡುವುದುಂಟು, ಅದನ್ನು ತಪ್ಪಿಸಬೇಡಿ. ಗರ್ಭಿಣಿಯರು ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುವಂತಿಲ್ಲ.

ಒಂದು ಹೊತ್ತು ಮರೆತರೆ ನೆನಪಾದಾಗ ನುಂಗಬಹುದು. ಮುಂದಿನ ಹೊತ್ತು ಹತ್ತಿರವಿದ್ದರೆ ಬಿಟ್ಟುಬಿಡಿ, ಎರಡನ್ನು ಒಟ್ಟಿಗೆ ನುಂಗಬೇಡಿ. ಅಂಕಿ ಚೆನ್ನಾಗಿದೆಯೆಂದು ತಾವಾಗಿಯೇ ನಿಲ್ಲಿಸುವುದು ಅದಕ್ಕಿಂತ ಅಪಾಯಕಾರಿ, ಏಕೆಂದರೆ ಆ ಅಂಕಿ ಬಂದಿರುವುದೇ ಮಾತ್ರೆಯಿಂದ. ಕ್ಲೋನಿಡಿನ್, ಮೆಟೊಪ್ರೊಲಾಲ್‌ನಂಥವನ್ನು ಥಟ್ಟನೆ ಬಿಟ್ಟರೆ ಒತ್ತಡ ಮತ್ತೆ ಜೋರಾಗಿ ಏರಬಹುದು. ಮಂಡಿನೋವಿಗೆ ನುಂಗುವ ಡೈಕ್ಲೋಫಿನಾಕ್ ಕೂಡ ಬಿ.ಪಿ. ಏರಿಸುತ್ತದೆಂಬುದು ಅನೇಕರಿಗೆ ತಿಳಿದಿಲ್ಲ.

ಅಂಕಿ 180/120 ದಾಟಿ ಜೊತೆಗೆ ಎದೆನೋವು, ಉಸಿರುಗಟ್ಟುವಿಕೆ, ಮಾತು ತೊದಲುವುದು ಅಥವಾ ಕೈಕಾಲಿನ ಬಲಹೀನತೆ ಕಂಡರೆ, ಇನ್ನೊಂದು ಮಾತ್ರೆ ಕೊಟ್ಟು ಕಾಯದೆ 108ಕ್ಕೆ ಕರೆ ಮಾಡಿ.

ಮರುಭೇಟಿಗೆ ಹೋಗುವಾಗ ಬರೆದಿಟ್ಟ ಪುಸ್ತಕ, ಮನೆಯಲ್ಲಿರುವ ಎಲ್ಲ ಪಟ್ಟಿಗಳು ಮತ್ತು ಬಿ.ಪಿ. ಯಂತ್ರವನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ; ನಿಮ್ಮ ಯಂತ್ರ ಸರಿಯಾಗಿ ತೋರಿಸುತ್ತಿದೆಯೇ ಎಂದು ವೈದ್ಯರ ಯಂತ್ರದೊಡನೆ ಅಲ್ಲಿಯೇ ಹೋಲಿಸಿ ನೋಡಬಹುದು.