ವೀಡ್ ಕಟರ್ ಸಾಮಾನಿಗೆ ನಾನು ಪೇಟೆ ಬಿಟ್ಟಿದ್ದು

ಹೋದ ತಿಂಗಳು ಪಕ್ಕದ ತೋಟದ ಭಾವ ಹುಲ್ಲು ಹೊಡೆಯುವ ತನ್ನ ವೀಡ್ ಕಟರ್ ಹೊತ್ತುಕೊಂಡು ನಮ್ಮನೆಗೆ ಬಂದ. ಕಾರ್ಬುರೇಟರ್ ಆನ್‌ಲೈನಲ್ಲಿ ತರಿಸಿಕೊಡಬೇಕಂತೆ. ಮೂರು ವರ್ಷದ ಹಿಂದೆ ನಾನು ಆನ್‌ಲೈನಲ್ಲಿ ತರಿಸಲು ಶುರುಮಾಡಿದಾಗ "ಡಬ್ಬದಲ್ಲಿ ಇಟ್ಟಿಗೆ ಬರ್ತದೆ ನೋಡು ಮಾರಾಯ" ಅಂತ ನಕ್ಕವನು ಇವನೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರಿಂದ ಶಿರಸಿಗೆ 28 ಕಿಲೋಮೀಟರ್. ಮಳೆಗಾಲದಲ್ಲಿ ಹುಲ್ಲು ಮೊಣಕಾಲಿಗೆ ಬಂದಾಗಲೇ ಮಷಿನ್ ಕೈಕೊಡುತ್ತದೆ. ಪೇಟೆಗೆ ಹೋದರೆ "ಹುಬ್ಬಳ್ಳಿಯಿಂದ ಬರಬೇಕು, ಸೋಮವಾರ ಬನ್ನಿ". ಸೋಮವಾರ ಹೋದರೂ ಅದೇ ರಾಗ. ಪೆಟ್ರೋಲು, ಊಟ ಸೇರಿ ಸಲಕ್ಕೆ 250-300 ರೂಪಾಯಿ, ದಿನದ ಕೆಲಸವೂ ಹಾಳು. ಅದೂ ಒಂದು ಸ್ಪಾರ್ಕ್ ಪ್ಲಗ್ಗಿಗೆ!

ಶುರುವಲ್ಲಿ ನಾನೂ ದುಡ್ಡು ಕಳೆದುಕೊಂಡೆ. "52 ಸಿಸಿ ಕಾರ್ಬುರೇಟರ್" ಅಂತ ಹುಡುಕಿ ಅಗ್ಗದ್ದು ತರಿಸಿದೆ. ಬೋಲ್ಟ್ ತೂತೇ ಕೂರಲಿಲ್ಲ. ರಿಟರ್ನ್ ಇಲ್ಲ ಅಂತ ಕೆಳಗೆ ಬರೆದಿತ್ತು, ನಾನು ಓದಿರಲಿಲ್ಲ. 600 ಚಿಲ್ಲರೆ ಹೋಯಿತು. ಆಮೇಲೆ ತರಿಸಿದ ಸ್ಟಾರ್ಟರಿನ ಹಲ್ಲು ಮುರಿದಿತ್ತು. ನೀವೇ ಮುರಿದಿದ್ದೀರಿ ಎಂದ ಮಾರಿದವನು. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಹತ್ತು-ಹನ್ನೆರಡು ದಿನಕ್ಕೆ ದುಡ್ಡು ವಾಪಸ್ ಬಂತು. ಅಂಗಡಿಯಲ್ಲಿ ಬಿಲ್ಲೇ ಇಲ್ಲದೆ ತಂದಿದ್ದರೆ ಯಾರಿಗೆ ಹೇಳೋದು?

ಬುದ್ಧಿ ಬಂದದ್ದು ಇಂಜಿನ್ ಮೇಲಿನ ಕೋಡ್ ನೋಡಿದ ಮೇಲೆ. ನನ್ನದು 1ಇ44ಎಫ್-5. ಆ 44 ಅಂದರೆ ಬೋರು, ಸಿಲಿಂಡರಿನ ಒಳ ಅಗಲ, ಮಿಲಿಮೀಟರಲ್ಲಿ. 43 ಸಿಸಿಯದಕ್ಕೆ 40 ಇರುತ್ತದೆ. ಈಗ ಕೋಡ್ ಹಾಕಿಯೇ ಹುಡುಕುತ್ತೇನೆ. ಹಳೇ ಪಾರ್ಟನ್ನು ಸ್ಕೇಲ್ ಪಕ್ಕ ಇಟ್ಟು, ಕೊಂಡವರು ಹಾಕಿದ ಫೋಟೋ ಜೊತೆ ತಾಳೆ ನೋಡುತ್ತೇನೆ. ಮಾರುವವನ ಫೋಟೋ ನಂಬಲ್ಲ. ಅಷ್ಟಕ್ಕೂ ಇಡೀ ಕಾರ್ಬುರೇಟರ್ ಯಾಕೆ? ಅದರೊಳಗಿನ ತೆಳು ಪದರ, ವಾಷರುಗಳ ಡಯಾಫ್ರಂ ಕಿಟ್ಟು 150ರೊಳಗೆ ಸಿಗುತ್ತದೆ, ಹತ್ತರಲ್ಲಿ ಏಳು ಸಲ ಅದೇ ಸಾಕು. ಪೇಟೆಯಲ್ಲಿ ಬಿಡಿ ಕಿಟ್ಟು ಕೊಟ್ಟವರನ್ನು ನಾನಂತೂ ನೋಡಿಲ್ಲ.

ಕೊರಿಯರಿನವನು ನಮ್ಮ ಏರು ಹತ್ತಿ ಬರಲ್ಲ. ಟಾರು ರಸ್ತೆಯ ಕಿರಾಣಿ ಅಂಗಡಿ ವಿಳಾಸ ಕೊಟ್ಟಿದ್ದೇನೆ. ಡಬ್ಬ ಒಡೆಯುವಾಗ ಅಂಗಡಿ ಹುಡುಗನ ಕೈಗೆ ಮೊಬೈಲ್ ಕೊಟ್ಟು, ಲೇಬಲಿಂದ ಹಿಡಿದು ವಿಡಿಯೋ ಮಾಡಿಸುತ್ತೇನೆ.

ಹುಮ್ಮಸ್ಸಿನಲ್ಲಿ ಒಮ್ಮೆ ಕಾಳುಮೆಣಸಿನ ಸಸಿಯನ್ನೂ ತರಿಸಿದೆ, ಆರು. ಐದು ದಿನ ಡಬ್ಬದಲ್ಲಿ ಬೆಂದು ಎಲೆ ಕಪ್ಪಾಗಿದ್ದವು. ಒಂದೂ ಬದುಕಲಿಲ್ಲ. ತೋಟಕ್ಕೆ ಹೊಡೆಯುವ ಮೈಲುತುತ್ತವೂ ಸೊಸೈಟಿಯಲ್ಲೇ ಸಲೀಸು, ಸಾಲಕ್ಕೂ ಕೊಡ್ತಾರೆ.

ಹೋದ ವರ್ಷ ಸ್ಪೇರ್‌ಗೆ ಒಟ್ಟು 2,300ರ ಹತ್ತಿರ ಖರ್ಚಾಯಿತು. ಪೇಟೆ ಲೆಕ್ಕದಲ್ಲಿ ಓಡಾಟ ಬಿಟ್ಟೇ ನಾಲ್ಕು ಸಾವಿರ ದಾಟುತ್ತಿತ್ತು. ಬೆಲೆ ಯಾವಾಗ ಇಳಿಯುತ್ತದೆ ಅನ್ನೋದಕ್ಕೆ ನನ್ನದೊಂದು ಲೆಕ್ಕ ಇದೆ. ಹೇಳಿದರೆ ಎಲ್ಲರೂ ಅವತ್ತೇ ಮುಗಿಬೀಳುತ್ತೀರಿ, ಬೇಡ.

ಭಾವನ ಮಷಿನ್ನಿಗೂ ಕಿಟ್ಟೇ ಸಾಕಾಯಿತು. ನಾಲ್ಕು ದಿನಕ್ಕೆ ಬಂತು, ಮೂರನೇ ಎಳೆತಕ್ಕೆ ಸ್ಟಾರ್ಟ್. "ಹಾಗಾದ್ರೆ ಅಡಿಕೆ ಕೊನೆ ಕೊಯ್ಲಿಗೆ ಒಂದು ದೋಟಿನೂ ತರಿಸು" ಅಂದ. ಅಷ್ಟುದ್ದದ ಕೋಲು ಅದು, ಕೈಯಲ್ಲಿ ಹಿಡಿದು, ಎತ್ತಿ ನೋಡದೆ ತಗೊಳ್ಳೋ ಸಾಮಾನಲ್ಲ ಭಾವ, ನಡಿ ಪೇಟೆಗೆ ಎಂದೆ.