ಗಾಡಿಗೆ ಗಾಡಿ ತಾಗದಂತೆ ಕಲ್ಲು ಕೂರಿಸಿದ್ದು: ನನ್ನ ಅನುಭವ

ನಮ್ಮ ಜೀನ್ಸ್ ಹೊಲಿಯುವ ಯುನಿಟ್‌ನ ಕಾಂಪೌಂಡಿನಲ್ಲಿ ಬೈಕು-ಸ್ಕೂಟರ್‌ಗಳ ಮುಂದಿನ ಚಕ್ರ ಕೂರಲೆಂದು ನಾನು ಕಲ್ಲು ಹಾಕಿದಾಗ, ಎರಡು ದಿನಕ್ಕೆ ಕಲ್ಲು ಕಿತ್ತು ಬಿಸಾಕ್ತಾರೆ ಅಂದಿದ್ದರು ಬಟ್ಟೆ ಕತ್ತರಿಸುವ ನಮ್ಮ ಕಟಿಂಗ್ ಮಾಸ್ಟರ್. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದಿದೆ. ಕಲ್ಲು ಅಲ್ಲೇ ಇವೆ. ನನ್ನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕಿನ ಮೇಲೆ ಆಮೇಲೆ ಒಂದು ಗೀರೂ ಬಿದ್ದಿಲ್ಲ. ಪಕ್ಕದ ಯುನಿಟ್‌ನವರು ಬಂದು ಅಳತೆ ತಗೊಂಡು ಹೋಗಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಬಳ್ಳಾರಿಯ ಒಂದು ಜೀನ್ಸ್ ಯುನಿಟ್‌ನಲ್ಲಿ ಮಷಿನ್ ಮೆಕ್ಯಾನಿಕ್. ಕಾಂಪೌಂಡಿನ ಒಳಗೆ ಗೋಡೆಗುಂಟ ಸುಮಾರು 60 ಅಡಿ ಜಾಗ, ಮೂಲೆಯಲ್ಲಿ ಒಂದು ಬೇವಿನ ಮರ. ನಮ್ಮೂರ ಬಿಸಿಲು ಗೊತ್ತಲ್ಲ, ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಎಲ್ಲರಿಗೂ ಆ ಮರದ ನೆರಳೇ ಬೇಕು. ಗೋಡೆಗೆ ಮುಖ ಮಾಡಿ 26-27 ಗಾಡಿ ತುರುಕುತ್ತಿದ್ದರು. ಒಂದಕ್ಕೆ ಎರಡು ಅಡಿ ಚಿಲ್ಲರೆ ಬಂತು. ಸ್ಪ್ಲೆಂಡರ್ ಹ್ಯಾಂಡಲೇ 72 ಸೆಂಟಿಮೀಟರ್, ನನ್ನದು 78 ಇದೆ. ಹೇಗೆ ಹಿಡಿಯುತ್ತದೆ ಹೇಳಿ? ಒಬ್ಬರ ಹ್ಯಾಂಡಲ್ ಇನ್ನೊಬ್ಬರ ಟ್ಯಾಂಕ್ ಮೇಲೆ, ಒಬ್ಬರ ಲೆಗ್‌ಗಾರ್ಡ್ ಇನ್ನೊಬ್ಬರ ಫುಟ್‌ರೆಸ್ಟ್ ಒಳಗೆ.

ಮಿರರ್ ಎರಡು ಸಲ ಹೋಯಿತು, ತಲಾ 300 ರೂಪಾಯಿ ಇರಬೇಕು. ಕ್ಲಚ್ ಲಿವರ್ ಬಾಗಿತು. ಇಂಡಿಕೇಟರ್ ಒಡೆಯಿತು. ಒಂದು ಸಂಜೆ ಪಕ್ಕದವನು ಗಾಡಿ ಎಳೆದ ರಭಸಕ್ಕೆ ನನ್ನದು ಉರುಳಿ, ಟ್ಯಾಂಕ್ ತಗ್ಗಾಗಿ, ಪೇಂಟಿಗೆ ಎರಡೂವರೆ ಸಾವಿರ ಹೋಯಿತು. 195 ಕೆಜಿ ಗಾಡಿ ಅದು. ಕಂತು ಕಟ್ಟಿ ಕಟ್ಟಿ ತಗೊಂಡ ಗಾಡಿ. ಹೊಟ್ಟೆ ಉರಿಯುವುದಿಲ್ಲವೇ? ಕೇಳಿದರೆ "ತಾಗಿಲ್ಲ ಬಿಡ್ರಿ" ಅನ್ನುವ ಉತ್ತರ.

ಮೊದಲು ಬೋರ್ಡ್ ಹಾಕಿದೆ. ಯಾರೂ ಓದಲಿಲ್ಲ. ಬಿಳಿ ಪೇಂಟಿನಲ್ಲಿ ಗೆರೆ ಎಳೆದೆ, ಪೇಂಟು-ಬ್ರಷ್ಷಿಗೆ 700 ಆಯಿತು. ಕೆಂಪು ಧೂಳು ಕೂತು ತಿಂಗಳೊಳಗೆ ಗೆರೆ ಮಾಯ. ಕಾಣುವಷ್ಟು ದಿನವೂ ಗೆರೆ ಮೇಲೇ ಚಕ್ರ ಇಡುತ್ತಿದ್ದರು. ಡ್ರಮ್ ಇಟ್ಟು ಹಗ್ಗ ಕಟ್ಟಿದೆ. ಮಧ್ಯಾಹ್ನದ ಹೊತ್ತಿಗೆ ಹಗ್ಗ ಬಂಡಲ್ ಕಟ್ಟಲು ಹೋಗಿತ್ತು. ವೆಲ್ಡರ್ ಹತ್ತಿರ ಪೈಪ್ ಸ್ಟ್ಯಾಂಡಿಗೆ ರೇಟ್ ಕೇಳಿದೆ, 18 ಸಾವಿರ ಅಂದ. ಮಾಲೀಕರು ಕಾಗದ ನೋಡಿ ವಾಪಸ್ ಕೊಟ್ಟರು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ನಮ್ಮಲ್ಲಿ ಡೆನಿಮ್ ತುಂಡಿಗೇನು ಬರವಿಲ್ಲ. ದಪ್ಪ ಬಟ್ಟೆಯಲ್ಲಿ ಟ್ಯಾಂಕ್ ಕವರ್, ಸೈಡ್ ಪ್ಯಾನೆಲ್ ಕವರ್ ಹೊಲಿದೆ. ಒಳಗೆ ಸ್ಪಾಂಜು. ನೋಡಲು ಬಹಳ ಚೆನ್ನಾಗಿತ್ತು, ನಾಲ್ಕು ಜನ ತಮಗೂ ಬೇಕು ಅಂದರು. ಆದರೆ ಡೆನಿಮ್ ಧೂಳು ಹಿಡಿಯುತ್ತದೆ, ಬಿಡುವುದಿಲ್ಲ. ಆ ಧೂಳೇ ಸ್ಯಾಂಡ್‌ಪೇಪರಿನ ಹಾಗೆ ಪೇಂಟ್ ತಿಂದಿತು. ಒಳಗೆ ಬನಿಯನ್ ಬಟ್ಟೆಯ ಲೈನಿಂಗ್ ಕೊಟ್ಟು, ವಾರಕ್ಕೊಮ್ಮೆ ಒಗೆಯುವುದಾದರೆ ನಡೆಯುತ್ತದೆ. ಅಷ್ಟು ವ್ಯವಧಾನ ಯಾರಿಗಿದೆ? ಈಗ ಸೀಟಿಗೆ ಮಾತ್ರ ಹಾಕುತ್ತೇನೆ.

ಮುಖ್ಯ ವಿಷಯಕ್ಕೆ ಬರುತ್ತೇನೆ. ಮುಂದಿನ ಚಕ್ರ ಎಲ್ಲಿ ಕೂರುತ್ತದೋ ಗಾಡಿ ಅಲ್ಲೇ ನಿಲ್ಲುತ್ತದೆ. ಜನರಿಗೆ ಹೇಳುವುದನ್ನು ಬಿಟ್ಟು ಚಕ್ರಕ್ಕೆ ಜಾಗ ಮಾಡಿದೆ. ಎರಡು ಕಲ್ಲು ಸಮಾನಾಂತರ, ನಡುವೆ ನಾಲ್ಕೂವರೆ ಇಂಚು, ಉದ್ದ ಒಂದೂವರೆ ಅಡಿ, ಎತ್ತರ ನಾಲ್ಕು ಇಂಚು. ಆಕ್ಟಿವಾ, ಸ್ಪ್ಲೆಂಡರ್, ಟಿವಿಎಸ್ ಎಕ್ಸ್‌ಎಲ್ ಮೊಪೆಡ್, ನನ್ನ 100 ಎಂಎಂ ಟಯರ್, ಎಲ್ಲವೂ ಅದರಲ್ಲಿ ಕೂರುತ್ತವೆ. ಕಲ್ಲಿನ ಉದ್ದ ಕಡಿಮೆ ಮಾಡಿದರೆ ಚಕ್ರ ಒಳಗೆ ಹೋಗುತ್ತದೆ, ಆದರೆ ಗಾಡಿ ಓರೆಯಾಗುತ್ತದೆ. ಉದ್ದವೇ ಅದರ ಜೀವ.

ನೇರ ಇಟ್ಟರೆ ಹ್ಯಾಂಡಲ್ ಎದುರು ಹ್ಯಾಂಡಲ್ ಬರುತ್ತದೆ. ಅದಕ್ಕೆ ಗೋಡೆಗೆ 60 ಡಿಗ್ರಿ ಕೋನ ಬರುವಂತೆ ಓರೆ ಮಾಡಿದೆ. ಮೂರೂ ಬದಿ ಸಮ ಇರುವ ದಾರದ ತ್ರಿಕೋನ, ಟೈಲರ್ ಟೇಪು, ಚಾಕ್‌ಪೀಸು, ಇಷ್ಟೇ ಸಾಮಾನು. ಒಂದು ಗಾಡಿಯಿಂದ ಇನ್ನೊಂದಕ್ಕೆ ಗೋಡೆಗುಂಟ ಅಳೆದರೆ ಮೂರು ಅಡಿ. ಆಗ ಒಂದರ ಹ್ಯಾಂಡಲ್ ಇನ್ನೊಂದಕ್ಕಿಂತ ಒಂದೂವರೆ ಅಡಿ ಹಿಂದೆ ಬೀಳುತ್ತದೆ. ತಾಗುವ ಮಾತೇ ಇಲ್ಲ.

ಯಾವ ಕಡೆ ಓರೆ? ಇದನ್ನು ಹೆಚ್ಚಿನವರು ಯೋಚಿಸುವುದಿಲ್ಲ. ಎಡಕ್ಕೆ ಮುಖ ಮಾಡಿ ಇಟ್ಟು ನೋಡಿದೆ. ಸೈಲೆನ್ಸರ್ ಬಲಕ್ಕಿರುತ್ತದಲ್ವಾ, ನಾನು ಎಡದಿಂದ ಹತ್ತುವಾಗ ಪಕ್ಕದವನ ಬಿಸಿ ಸೈಲೆನ್ಸರ್ ಸರಿಯಾಗಿ ನನ್ನ ಮೀನಖಂಡಕ್ಕೆ ಬಂತು. ಸೀರೆ, ಚೂಡಿದಾರ ಉಟ್ಟವರಿಗೆ ಇನ್ನೂ ಕಷ್ಟ. ಬಲಕ್ಕೆ ತಿರುಗಿಸಿದ ಮೇಲೆ ಸೈಲೆನ್ಸರ್ ಹಿಂದೆ ಹೋಯಿತು. ಸೈಡ್ ಸ್ಟ್ಯಾಂಡ್ ಹಾಕಿದಾಗ ಗಾಡಿಗಳೆಲ್ಲ ಎಡಕ್ಕೇ ವಾಲುತ್ತವೆ, ಹಾಗಾಗಿ ಎಡಗಡೆಯ ಗಾಡಿ ನನ್ನಿಂದ ದೂರ ವಾಲುತ್ತದೆ, ನನಗೆ ಕಾಲಿಡಲು ಜಾಗ ಸಿಗುತ್ತದೆ. ನಮ್ಮ ಗೇಟೂ ಬಲಕ್ಕಿದೆ, ರಿವರ್ಸ್ ತೆಗೆದು ಹಾಗೇ ಹೋಗಬಹುದು.

ಲೆಕ್ಕ ಹಾಕಿದಾಗ 60 ಅಡಿಗೆ 20 ಗಾಡಿ. ಉಳಿದ ಏಳು ಎಲ್ಲಿಗೆ ಅಂತ ಎಲ್ಲರೂ ಮೇಲೆ ಬಿದ್ದರು. ನಿಂತು ನೋಡಿದೆ. ಅದರಲ್ಲಿ ಎರಡು, ವರ್ಷಗಟ್ಟಲೆ ಸ್ಟಾರ್ಟ್ ಆಗದ ಗಾಡಿಗಳು. ಇನ್ನೈದು, ಕೂಲಿಗೆ ಕೆಲಸ ಮಾಡಿಕೊಡುವ ಜಾಬ್ ವರ್ಕ್‌ನವರ ಎಕ್ಸ್‌ಎಲ್‌ಗಳು. ಹಿಂದೆ ಎರಡೂ ಕಡೆ ಜೀನ್ಸ್ ಬಂಡಲ್ ಕಟ್ಟಿಕೊಂಡು ವಾಷಿಂಗಿಗೆ, ಕಾಜಾ-ಬಟನ್ನಿಗೆ ಓಡಾಡುವ ಗಾಡಿಗಳು. ಬಂಡಲ್ ಸೇರಿ ನಾಲ್ಕು ಅಡಿ ಅಗಲ. ಅರ್ಧ ಗೀರುಗಳು ಆ ಬಂಡಲಿನ ಹಗ್ಗದ ಗಂಟಿನವೇ. ಅವರಿಗೆ ಲೋಡಿಂಗ್ ಬಾಗಿಲ ಪಕ್ಕ ಜಾಗ ಕೊಡಿಸಿದೆ. ಹೊರುವ ದೂರ ಕಡಿಮೆಯಾಯಿತು, ಖುಷಿಯಾಗಿ ಹೋದರು. ಕೆಟ್ಟ ಗಾಡಿ ಎರಡು ಗುಜರಿಗೆ.

ಖರ್ಚು ನೆನಪಿನಿಂದ ಹೇಳುತ್ತೇನೆ. ವೇಸ್ಟ್ ಕಡಪಾ ಕಲ್ಲು 1,500, ಆಟೋ 400, ಸಿಮೆಂಟು-ಮರಳು 1,200ರ ಹತ್ತಿರ, ಗಾರೆಯವನಿಗೆ ಒಂದು ದಿನದ ಕೂಲಿ 900. ನಾಲ್ಕು ಸಾವಿರ ಆಸುಪಾಸು. ನಾನು ಅರ್ಧ ಹಾಕಿದೆ, ಉಳಿದದ್ದು ಹುಡುಗರು. ಆಮೇಲೆ ಮರದಿಂದ ಗೇಟಿನವರೆಗೆ ಹಸಿರು ನೆಟ್ ಕಟ್ಟಲು ಇನ್ನೆರಡು ಸಾವಿರ ಚಿಲ್ಲರೆ. ನೆಟ್ ಇಲ್ಲದಿದ್ದರೆ ಕಲ್ಲು ಹಾಕಿಯೂ ಪ್ರಯೋಜನವಿಲ್ಲ, ಜನ ಮರದ ಕೆಳಗೇ ನುಗ್ಗುತ್ತಾರೆ.

ನಮ್ಮದು ಎರೆ ನೆಲ. ಮಳೆ ಬಂದರೆ ಮೇಲೆ ಹಾಕಿದ ಮುರ್ರಮ್ (ಗರಸು ಮಣ್ಣು) ಕೂತುಬಿಡುತ್ತದೆ, ಸಾದಾ ಸಿಮೆಂಟ್ ಗಾರೆ ಬಿರುಕು ಬಿಡುತ್ತದೆ. ನಾನು ಗಾರೆಗೆ ಬೇರೆ ಒಂದು ಸಾಮಾನು ಸೇರಿಸಿದೆ. ಅದು ಏನು ಅಂತ ಇಲ್ಲಿ ಬರೆಯುವುದಿಲ್ಲ, ಯುನಿಟ್‌ಗೆ ಬಂದರೆ ತೋರಿಸುತ್ತೇನೆ. ಸೈಡ್ ಸ್ಟ್ಯಾಂಡ್ ಬೀಳುವ ಕಡೆ ಅಂಗೈ ಅಗಲದ ಕಲ್ಲಿನ ಚೂರು ಹೂಳಿದೆ. ಮಳೆಗಾಲದಲ್ಲಿ ಒಂದು ಗಾಡಿಯೂ ಉರುಳಲಿಲ್ಲ.

ಮೊದಲ ವಾರ ಒಬ್ಬ ಬೇಕಂತಲೇ ಕಲ್ಲಿನ ಮೇಲೆ ಹತ್ತಿಸಿ ನಿಲ್ಲಿಸಿದ. ಗಾಡಿ ಅಲ್ಲಾಡಿತು, ತಾನೇ ಇಳಿಸಿದ.

45 ಡಿಗ್ರಿ ಮಾಡಿದರೆ ಇನ್ನೂ ಚೆಂದ ಅಂತ ಪಕ್ಕದ ಯುನಿಟ್‌ನವರು ಅನ್ನುತ್ತಿದ್ದಾರೆ. ಚಾಕ್‌ಪೀಸಲ್ಲಿ ಎಳೆದು ನೋಡಿದ್ದೇನೆ. ನಡುವಿನ ಅಂತರ ಅಷ್ಟೇ ಉಳಿಯಬೇಕಾದರೆ ಗಾಡಿಗೆ ಮೂರೂಮುಕ್ಕಾಲು ಅಡಿ ಬೇಕು, 60 ಅಡಿಗೆ 16 ಮಾತ್ರ ಹಿಡಿಯುತ್ತದೆ. ಜಾಗ ಜಾಸ್ತಿ ಇದ್ದವರು ಮಾಡಿಕೊಳ್ಳಲಿ. ನಮ್ಮಲ್ಲಿ ಎದುರು ಗೋಡೆಗೂ ಒಂದು ಸಾಲು ಹಾಕು ಅಂತ ಮಾಲೀಕರೇ ಹೇಳಿದ್ದಾರೆ. ಈ ಸಲ ಕಲ್ಲಿನ ದುಡ್ಡು ಅವರದು.